ಸೋಮವಾರದ ಉಸಿರು: ಹತ್ತಿಗಿರಣಿಯ ಹಾಜರಿ ಪುಸ್ತಕದಲ್ಲಿ ಬರೆಯದ ಕಾರಣ

ಮಳೆಗಾಲದಲ್ಲಿ ಗೋಕಾಕ ಜಲಪಾತಕ್ಕೆ ಬರುವವರ ಕಣ್ಣು ಮೊದಲು ನಿಲ್ಲುವುದು ಘಟಪ್ರಭೆಯ ಕೆಂಪು ನೀರಿನ ಮೇಲೆ. ಕುದುರೆಲಾಳದ ಆಕಾರದ ಬಂಡೆಯಂಚಿನಿಂದ ಸುಮಾರು 52 ಮೀಟರ್ ಕೆಳಗಿನ ಕಮರಿಗೆ ನದಿ ಧುಮುಕುವುದನ್ನು ನೋಡಿ, ತೂಗುಸೇತುವೆಯ ಮೇಲೆ ಅಳುಕುತ್ತ ನಾಲ್ಕು ಹೆಜ್ಜೆ ಹಾಕಿ, ಮಹಾಲಿಂಗೇಶ್ವರನಿಗೆ ಕೈಮುಗಿದು ಜನ ಹಿಂತಿರುಗುತ್ತಾರೆ. ದಂಡೆಯ ಮೇಲಿನ ಹಳೆಯ ಹತ್ತಿಗಿರಣಿಯನ್ನು ಅವರು ನೋಡಿದರೂ ನೋಡದಂತೆಯೇ. ಆದರೆ ಸುತ್ತಲಿನ ಹಲವು ಹಳ್ಳಿಗಳ ಮನೆತನಗಳು ಮೂರು ನಾಲ್ಕು ತಲೆಮಾರು ಉಂಡದ್ದು ಆ ಗಿರಣಿಯ ನೂಲಿನಿಂದ.

ಗೋಕಾಕ ವಾಟರ್ ಪವರ್ ಅಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ ಎಂಬ ಉದ್ದನೆಯ ಹೆಸರಿನಲ್ಲಿ ಸಂಸ್ಥೆ ಹುಟ್ಟಿದ್ದು 1885ರಲ್ಲಿ. ಗಿರಣಿ ನೂಲಲು ಆರಂಭಿಸಿದ್ದು 1887ರಲ್ಲಿ. ಅದೇ ಕಾಲದಲ್ಲಿ ಇಲ್ಲಿ ಜಲಪಾತದ ಬಲದಿಂದ ವಿದ್ಯುತ್ತನ್ನೂ ಉತ್ಪಾದಿಸಲಾಯಿತೆಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಆಗಿನ ಮುಂಬಯಿಯ ಗಿರಣಿಗಳೆಲ್ಲ ಕಲ್ಲಿದ್ದಲು ಸುಟ್ಟು, ಉಗಿಯಂತ್ರಗಳಿಂದ ನಡೆಯುತ್ತಿದ್ದವು. ಪರೇಲ, ಲಾಲಬಾಗದ ಆಕಾಶವೇ ಕಪ್ಪಾಗಿತ್ತು. ಅದಕ್ಕೆ ಹೋಲಿಸಿದರೆ ನೀರಿನಿಂದ ತಿರುಗುವ ಗಿರಣಿ ಎಂದರೆ ಶುದ್ಧ ಗಾಳಿಯ ಗಿರಣಿ ಎಂದು ಯಾರಿಗಾದರೂ ಅನ್ನಿಸೀತು. ಹೊರಗಿನ ಗಾಳಿಯ ಮಟ್ಟಿಗೆ ಅದು ನಿಜ. ಒಳಗಿನ ಗಾಳಿಯ ವಿಚಾರ ಬೇರೆ. ಯಂತ್ರವನ್ನು ಉಗಿ ತಿರುಗಿಸಲಿ, ನೀರು ತಿರುಗಿಸಲಿ, ಹತ್ತಿಯಿಂದ ಏಳುವ ಧೂಳು ಒಂದೇ. ಲೋಕದ ಹತ್ತಿಗಿರಣಿಗಳಲ್ಲಿ ಕಾರ್ಮಿಕರ ಗೈರುಹಾಜರಿಯ ಒಂದು ದೊಡ್ಡ ಕಾರಣ ಈ ಧೂಳಿನಲ್ಲೇ ಇತ್ತು. ಅದನ್ನು ಕಂಡುಕೊಳ್ಳಲು ನೂರು ವರ್ಷಕ್ಕೂ ಮೇಲೆ ಹಿಡಿಯಿತು.

ಹತ್ತಿ ನೂಲಾಗುವ ದಾರಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಒತ್ತಿ ಕಟ್ಟಿದ ಹತ್ತಿಯ ಬೇಲನ್ನು ಮೊದಲು ಬ್ಲೋ ರೂಮಿನಲ್ಲಿ ಒಡೆಯುತ್ತಾರೆ. ಅಲ್ಲಿ ಯಂತ್ರದ ಹೊಡೆತಕ್ಕೆ ಅರಳೆ ಬಿಡಿಬಿಡಿಯಾಗಿ, ಅದರಲ್ಲಿ ಸಿಕ್ಕಿಕೊಂಡ ಎಲೆಚೂರು, ಬೀಜದ ಸಿಪ್ಪೆ, ಮಣ್ಣು ಉದುರುತ್ತವೆ. ಮುಂದೆ ಕಾರ್ಡಿಂಗ್. ಸೂಜಿಹಲ್ಲುಗಳ ಉರುಳೆಗಳು ಅರಳೆಯನ್ನು ಬಾಚಿ, ಎಳೆಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ, ಹಂಜಿಯಂತೆ ಹೊರಬಿಡುತ್ತವೆ. ಆಮೇಲೆ ಎಳೆಯುವುದು, ತೆಳುಗೊಳಿಸುವುದು, ರಿಂಗ್ ಫ್ರೇಮಿನಲ್ಲಿ ಹುರಿಗೊಳಿಸುವುದು, ಸುತ್ತುವುದು. ಈ ಸಾಲಿನಲ್ಲಿ ಮುಂದೆ ಹೋದಷ್ಟೂ ಹತ್ತಿ ಸ್ವಚ್ಛ. ಅದರಿಂದ ಕಳಚಿದ ಕೊಳೆಯೆಲ್ಲ ಮೊದಲ ಎರಡು ಕೋಣೆಗಳ ಗಾಳಿಯಲ್ಲಿ ಉಳಿಯುತ್ತದೆ. ಕಾರ್ಡಿನ ಹಲ್ಲುಗಳಲ್ಲಿ ಸಿಕ್ಕಿದ ಕಸವನ್ನು ಹಿಂದೆ ಕುಂಚದಿಂದ ಉಜ್ಜಿ ತೆಗೆಯುತ್ತಿದ್ದರು. ದಿನಕ್ಕೆ ಹಲವು ಬಾರಿ ನಡೆಯುತ್ತಿದ್ದ ಈ ಕೆಲಸದಲ್ಲಿ ಎದುರಿಗಿದ್ದವರ ಮುಖ ಕಾಣದಷ್ಟು ಧೂಳು ಏಳುತ್ತಿತ್ತು.

ಇನ್ನು ಹಾಜರಿ ಪುಸ್ತಕ. ಹತ್ತಿಗಿರಣಿಗಳ ಆಡಳಿತ ವರ್ಗಕ್ಕೆ ಹಳೆಯ ತಲೆನೋವೆಂದರೆ ರಜೆಯ ಮರುದಿನದ ಗೈರುಹಾಜರಿ. ಭೋಂಗಾ ಕೂಗಿದರೂ ಯಂತ್ರದ ಮುಂದೆ ಜನ ಇಲ್ಲ; ಗೇಟಿನ ಬಳಿ ಕಾದು ನಿಂತ ಬದಲಿ ಕಾರ್ಮಿಕರನ್ನು ಒಳಗೆ ಕರೆಯಬೇಕು. ಇದಕ್ಕೆ ಕಾರಣ ಕೇಳಿದರೆ ಸಿದ್ಧ ಉತ್ತರಗಳಿದ್ದವು: ಹಿಂದಿನ ರಾತ್ರಿಯ ಕುಡಿತ, ಊರ ಜಾತ್ರೆ, ಹೊಲದ ಕೆಲಸ, ಹುಟ್ಟು ಸೋಮಾರಿತನ. ಇವುಗಳಲ್ಲಿ ಕೆಲವು ನಿಜವೂ ಹೌದು. ಹಳ್ಳಿಯಲ್ಲಿ ತುಂಡು ಹೊಲ ಇಟ್ಟುಕೊಂಡೇ ಗಿರಣಿಗೆ ಬರುವವನು ಬಿತ್ತನೆಯ ಹದ ಬಂದಾಗ ಯಂತ್ರ ಬಿಟ್ಟು ಕೂರಿಗೆ ಹಿಡಿಯಲು ಹೋಗುವುದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ‘ಎದೆ ಬಿಗಿಯುತ್ತದೆ, ಉಸಿರು ಹಿಡಿಯುತ್ತದೆ’ ಎಂದು ಹೇಳಿದವನ ಮಾತನ್ನೂ ಅದೇ ಸಾಲಿಗೆ ಸೇರಿಸಿ ನೆವ ಎಂದು ಬರೆದುಬಿಟ್ಟದ್ದರಲ್ಲಿ ಅನ್ಯಾಯವಾಗಿತ್ತು.

ಏಕೆಂದರೆ ಹತ್ತಿಯ ಧೂಳಿನಿಂದ ಬರುವ ಕಾಯಿಲೆ ಶುರುವಾಗುವುದೇ ರಜೆಯ ಮರುದಿನ. ವೈದ್ಯರು ಅದನ್ನು ಬಿಸ್ಸಿನೋಸಿಸ್ ಎನ್ನುತ್ತಾರೆ. ನಾರುಬಟ್ಟೆಗೆ ಗ್ರೀಕರು ಹೇಳುತ್ತಿದ್ದ ಬಿಸ್ಸೋಸ್ ಎಂಬ ಪದ ಅದರ ಮೂಲ. ಈ ಹೆಸರಿಟ್ಟವನು ಫ್ರಾನ್ಸಿನ ವೈದ್ಯ ಆದ್ರಿಯೆನ್ ಪ್ರೂಸ್ತ್, 1877ರಲ್ಲಿ. ಜೀವನವಿಡೀ ಉಬ್ಬಸದಿಂದ ನರಳಿದ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತನ ತಂದೆ ಈತನೇ ಎಂಬುದು ಒಂದು ವಿಚಿತ್ರ ಕಾಕತಾಳೀಯ. ಇದಕ್ಕೂ ಬಹಳ ಹಿಂದೆ, 1700ರಲ್ಲಿ, ಇಟಲಿಯ ರಮಜ್ಜೀನಿ ಕಸುಬುಗಳ ಕಾಯಿಲೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ನಾರು ಬಾಚುವವರ ಕೆಮ್ಮನ್ನು ವರ್ಣಿಸಿದ್ದ. 1831ರಲ್ಲಿ ಮ್ಯಾಂಚೆಸ್ಟರಿನ ಜೇಮ್ಸ್ ಫಿಲಿಪ್ಸ್ ಕೇ ನೂಲುವವರ ಎದೆರೋಗದ ಬಗ್ಗೆ ಬರೆದ.

ಕಾಯಿಲೆಯ ನಡೆ ಹೀಗೆ. ಹಲವು ವರ್ಷ ಧೂಳಿನಲ್ಲಿ ದುಡಿದ ಮೇಲೆ, ವಾರದ ರಜೆ ಮುಗಿಸಿ ಬಂದ ದಿನ, ಕೆಲಸಕ್ಕೆ ನಿಂತ ಕೆಲವು ಗಂಟೆಗಳಲ್ಲಿ ಎದೆ ಬಿಗಿದಂತಾಗುತ್ತದೆ. ಮರುದಿನ ಹಗುರ. ವಾರಾಂತ್ಯಕ್ಕೆ ಏನೂ ಇಲ್ಲ. ಮತ್ತೆ ರಜೆ, ಮತ್ತೆ ಬಿಗಿತ. ಇಂಗ್ಲೆಂಡಿನ ಲ್ಯಾಂಕಾಶೈರಿನಲ್ಲಿ ರಜೆ ಭಾನುವಾರವಾದ್ದರಿಂದ ಇದಕ್ಕೆ ಸೋಮವಾರದ ಕಾಯಿಲೆ ಎಂಬ ಹೆಸರೇ ಬಿತ್ತು. ಬರಬರುತ್ತ ಬಿಗಿತ ಮಂಗಳವಾರಕ್ಕೂ ಬುಧವಾರಕ್ಕೂ ಹರಡಿ, ಕೊನೆಗೆ ರಜೆಯ ದಿನವೂ ಬಿಡದಂತಾಗುತ್ತದೆ. ಆ ಹಂತದಲ್ಲಿ ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗಿರುತ್ತವೆ. ಕೆಲಸ ಬಿಟ್ಟರೂ ಗುಣವಾಗುವುದಿಲ್ಲ. ಬೀಡಿ ಸೇದುವವರಲ್ಲಿ ಇದು ಇನ್ನೂ ಬೇಗ. ಎಕ್ಸ್‌ರೇಯಲ್ಲಿ ಈ ರೋಗದ್ದೇ ಎನ್ನುವ ಗುರುತು ಕಾಣುವುದಿಲ್ಲ. ಹೀಗಾಗಿ ರೋಗಿಯ ಮಾತನ್ನು ನಂಬುವ ವೈದ್ಯ ಬೇಕು. 1950ರ ದಶಕದಲ್ಲಿ ಮ್ಯಾಂಚೆಸ್ಟರಿನ ರಿಚರ್ಡ್ ಶಿಲ್ಲಿಂಗ್ ಮಾಡಿದ್ದು ಅದನ್ನೇ: ವಾರದ ಯಾವ ದಿನ ಎದೆ ಬಿಗಿಯುತ್ತದೆ ಎಂದು ಕಾರ್ಮಿಕರನ್ನು ಕ್ರಮವಾಗಿ ಕೇಳಿ, ಉತ್ತರಗಳ ಮೇಲೆ ಕಾಯಿಲೆಯ ಮೆಟ್ಟಿಲುಗಳನ್ನು ಗುರುತಿಸಿದ.

ಇಲ್ಲೊಂದು ಸ್ವಾರಸ್ಯ ಉಂಟು. ವಾರದ ರಜೆಯೇ ಇಲ್ಲದಲ್ಲಿ ರಜೆಯ ಮರುದಿನದ ಕಾಯಿಲೆ ಎದ್ದು ಕಾಣುವುದಾದರೂ ಹೇಗೆ? ಗೋಕಾಕದ ಗಿರಣಿ ಶುರುವಾದಾಗ ಜಾರಿಯಲ್ಲಿದ್ದದ್ದು 1881ರ ಫ್ಯಾಕ್ಟರಿ ಕಾಯಿದೆ. ಅದು ಮಕ್ಕಳ ದುಡಿಮೆಗೆ ಒಂದಿಷ್ಟು ಮಿತಿ ಹಾಕಿತ್ತೇ ಹೊರತು ಬೆಳೆದ ಗಂಡಸರ ಕೆಲಸದ ಗಂಟೆಗಳ ಸುದ್ದಿಗೆ ಹೋಗಿರಲಿಲ್ಲ. ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಭಾನುವಾರದ ರಜೆಗಾಗಿ ಹೋರಾಡಿ 1890ರಲ್ಲಿ ಅದನ್ನು ಪಡೆದರು. ಭಾನುವಾರ ಖಂಡೋಬನ ವಾರ ಎಂಬುದೂ ಅವರ ವಾದದಲ್ಲಿತ್ತು. ಆ ಖಂಡೋಬನೇ ನಮ್ಮ ಮೈಲಾರಲಿಂಗ. ಮರುವರ್ಷದ ಕಾಯಿದೆ ವಾರದ ರಜೆಗೆ ದೇಶಾದ್ಯಂತ ಮನ್ನಣೆ ಕೊಟ್ಟಿತು.

ಗಿರಣಿಗೆ ಹೊಸದಾಗಿ ಸೇರಿದವರದು ಇನ್ನೊಂದು ಬಗೆ. ಮೊದಲ ಕೆಲವು ದಿನಗಳಲ್ಲೇ ಚಳಿ, ಜ್ವರ, ಮೈಕೈನೋವು. ಕೆಲವು ದಿನ ಕಳೆದರೆ ತಾನೇ ಹೋಗುತ್ತದೆ. ಇದು ಗಿರಣಿ ಜ್ವರ. ‘ಹೊಸನೀರು ಒಗ್ಗಲಿಲ್ಲ’ ಎಂದು ಹಿರಿಯರು ಸಮಾಧಾನ ಹೇಳಿದರೂ ತಪ್ಪು ನೀರಿನದಲ್ಲ. ಹತ್ತಿಕಾಯಿಯ ಬುಡದ ಒಣ ಪತ್ರಗಳಲ್ಲಿ ಬೆಳೆದ ಬ್ಯಾಕ್ಟೀರಿಯಾಗಳು ಬಿಡುವ ವಿಷಾಂಶ ಧೂಳಿನೊಡನೆ ಪುಪ್ಪುಸಕ್ಕೆ ಇಳಿಯುವುದೇ ಇದಕ್ಕೆ ಮುಖ್ಯ ಕಾರಣ ಎಂದು ಸಂಶೋಧಕರು ನಂಬುತ್ತಾರೆ. ಬಿಸ್ಸಿನೋಸಿಸ್ಸಿನ ಹಿಂದೆಯೂ ಇದೇ ವಿಷಾಂಶದ ಕೈವಾಡ ದೊಡ್ಡದು. ಹತ್ತಿಯ ಬಿಳಿ ಎಳೆ ಬಡಪಾಯಿ. ಕಣ್ಣಿಗೆ ಕಾಣುವ ತುಪ್ಪುಳು ಮೂಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಅಪಾಯವಿರುವುದು ಕಣ್ಣಿಗೆ ಬೀಳದ ನುಣುಪು ಧೂಳಿನಲ್ಲಿ.

ಇಷ್ಟು ತಿಳಿದ ಮೇಲೆ ಉಪಾಯ ಕಷ್ಟದ್ದಲ್ಲ. ಧೂಳು ಕೋಣೆಗೆ ಹರಡುವ ಮೊದಲೇ, ಅದು ಏಳುವ ಜಾಗದಲ್ಲೇ ಹೀರಿ ತೆಗೆಯಬೇಕು. ಯಂತ್ರಗಳಿಗೆ ಮುಚ್ಚಳ, ಮುಚ್ಚಳಕ್ಕೆ ಹೀರುಕೊಳವೆ, ಕೊಳವೆಯ ತುದಿಗೆ ಸೋಸುವ ಚೀಲ. ನೆಲವನ್ನು ಪೊರಕೆಯಿಂದ ಗುಡಿಸಿದರೆ ಕೂತ ಧೂಳು ಮತ್ತೆ ಏಳುತ್ತದೆ. ಒತ್ತಡದ ಗಾಳಿ ಬಿಟ್ಟು ಯಂತ್ರ ಊದುವುದು ಅದಕ್ಕಿಂತ ಕೆಟ್ಟದ್ದು. 1908ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ಗರ್ ಕಾಲಿಸ್ ಬ್ಲ್ಯಾಕ್‌ಬರ್ನಿನಲ್ಲಿ ಕಾರ್ಡಿನ ಹಲ್ಲು ಶುಚಿಮಾಡುವವರನ್ನು ಪರೀಕ್ಷಿಸಿದಾಗ ನಾಲ್ವರಲ್ಲಿ ಸುಮಾರು ಮೂವರಿಗೆ ಉಬ್ಬಸವಿತ್ತು. ಕುಂಚದ ಬದಲು ನಿರ್ವಾತದಿಂದ ಹೀರುವ ಪದ್ಧತಿ ಬಳಕೆಗೆ ಬಂದದ್ದು ಆಮೇಲೆ.

ಅಮೆರಿಕದಲ್ಲಿ ಈ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನೂಲುವ ವಿಭಾಗಗಳಲ್ಲಿ ಒಂದು ಘನ ಮೀಟರ್ ಗಾಳಿಗೆ 200 ಮೈಕ್ರೊಗ್ರಾಂಗಿಂತ ಹೆಚ್ಚು ಹತ್ತಿ ಧೂಳು ಇರಕೂಡದೆಂದು ಅಲ್ಲಿನ ಸರಕಾರ 1978ರಲ್ಲಿ ವಿಧಿಸಿತು. ಖರ್ಚಿಗೆ ತಕ್ಕ ಲಾಭವಿಲ್ಲವೆಂದು ಗಿರಣಿ ಮಾಲೀಕರು ದಾವೆ ಹೂಡಿದರು. ಕಾರ್ಮಿಕರ ಆರೋಗ್ಯವನ್ನು ಲಾಭನಷ್ಟದ ತಕ್ಕಡಿಯಲ್ಲಿ ತೂಗಬೇಕೆಂದು ಕಾನೂನು ಹೇಳಿಲ್ಲ ಎಂದು 1981ರಲ್ಲಿ ತೀರ್ಪಾಯಿತು. ಮಾಲೀಕರು ಹೊಸ ಯಂತ್ರ ತಂದರು. ಕೆಲವೇ ವರ್ಷಗಳಲ್ಲಿ ಕಾಯಿಲೆ ಇಳಿಯಿತು. ಧೂಳು ಕಡಿಮೆ ಮಾಡುವ ಆ ಯಂತ್ರಗಳು ನೂಲನ್ನೂ ಹೆಚ್ಚು ವೇಗವಾಗಿ ತೆಗೆದವು ಎಂಬುದು ದಾವೆ ಹೂಡಿದವರು ಎಣಿಸದೆ ಬಿಟ್ಟ ಲೆಕ್ಕ.

ನಮ್ಮಲ್ಲಿ 1948ರ ಫ್ಯಾಕ್ಟರಿ ಕಾಯಿದೆಯನ್ನು ತೆರೆದು ನೋಡಿದರೆ ಅದು ಹೇಳದೆ ಬಿಟ್ಟದ್ದು ಕಡಿಮೆ. ಕೆಲಸದ ಕೋಣೆಯ ನೆಲವನ್ನು ವಾರಕ್ಕೊಮ್ಮೆಯಾದರೂ ತೊಳೆಯಬೇಕು. ಗೋಡೆಗೆ 14 ತಿಂಗಳಿಗೊಮ್ಮೆ ಸುಣ್ಣ ಬಳಿಯಬೇಕು. ಧೂಳನ್ನು ಅದು ಹುಟ್ಟುವ ಸ್ಥಳದ ಹತ್ತಿರದಲ್ಲೇ ಹೀರಬೇಕು. ಕುಡಿಯುವ ನೀರಿನ ಜಾಗದ ಮೇಲೆ ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ ಹಾಗೆಂದು ಬರೆದಿರಬೇಕು, ಶೌಚಾಲಯದಿಂದ ಅದು 6 ಮೀಟರ್ ದೂರವಾದರೂ ಇರಬೇಕು. ಉಗುಳುವುದಕ್ಕೂ ಒಂದು ಕಲಂ ಇತ್ತು. ಪೀಕದಾನಿ ಬಿಟ್ಟು ಬೇರೆಡೆ ಉಗುಳಿದವನಿಗೆ ಹೆಚ್ಚೆಂದರೆ 5 ರೂಪಾಯಿ ದಂಡ. ಎಲೆ ಅಡಿಕೆ ತಂಬಾಕಿನ ನಾಡಿನಲ್ಲಿ ಈ ಕಲಮನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದಿದ್ದರೆ ಗಿರಣಿಗಳು ನೂಲಿಗಿಂತ ದಂಡದಲ್ಲೇ ಹೆಚ್ಚು ಗಳಿಸುತ್ತಿದ್ದವೇನೋ. ನಗೆಯ ಮಾತು ಹಾಗಿರಲಿ, ಕ್ಷಯ ಹರಡುವ ದಾರಿಗಳಲ್ಲಿ ಕಫವೇ ಮೊದಲನೆಯದೆಂದು ತಿಳಿದಿದ್ದ ಕಾಲದಲ್ಲಿ ಬರೆದ ಕಲಂ ಅದು. ಗೋಕಾಕದ ಪಕ್ಕದ ಘಟಪ್ರಭೆಯಲ್ಲಿ ಡಾ. ನಾ. ಸು. ಹರ್ಡೀಕರ ಮತ್ತು ಸಂಗಡಿಗರು ಸ್ವಾತಂತ್ರ್ಯಪೂರ್ವದಲ್ಲೇ ಕಟ್ಟಿದ ಆರೋಗ್ಯಧಾಮವನ್ನು ಈ ಸೀಮೆಯ ಜನ ಬಲ್ಲರು.

ಕಾಯಿದೆಯ ಅಕ್ಷರಕ್ಕೂ ಕಾರ್ಡಿಂಗ್ ಕೋಣೆಯ ಗಾಳಿಗೂ ನಡುವೆ ಎಷ್ಟು ಅಂತರವಿತ್ತೆಂಬುದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನಗಳಿಂದ ಗೊತ್ತಾಯಿತು. 1980ರ ದಶಕದಲ್ಲಿ ಅವರು ಪರೀಕ್ಷಿಸಿದ ಗಿರಣಿಗಳ ಬ್ಲೋ ಮತ್ತು ಕಾರ್ಡಿಂಗ್ ವಿಭಾಗಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಬಿಸ್ಸಿನೋಸಿಸ್ ಇತ್ತು.

ಶುಚಿ ಎಂಬ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವೂ ಅಂಟಿಕೊಂಡಿದೆ. ಮುಂಬಯಿಯ ಗಿರಣಿಗಳಲ್ಲಿ ನೇಕಾರ ಲಾಳಿಯ ಕಣ್ಣಿಗೆ ಬಾಯಿಟ್ಟು ನೂಲಿನ ತುದಿ ಎಳೆದುಕೊಳ್ಳಬೇಕಿತ್ತು. ಒಂದೇ ಲಾಳಿಗೆ ಹಲವರ ಬಾಯಿ ತಾಗುವ ಈ ಪದ್ಧತಿ ಕ್ಷಯಕ್ಕೆ ಕೊಟ್ಟ ಆಹ್ವಾನ. ಅದಕ್ಕೆ ತಕ್ಕ ಪರಿಹಾರ ಬಾಯಿಯಿಲ್ಲದೆ ಪೋಣಿಸುವ ಲಾಳಿ. ಅಲ್ಲಿ ಮಾಡಿದ್ದೇನೆಂದರೆ, ಎಂಜಲಿನ ನೆವದಲ್ಲಿ ಅಸ್ಪೃಶ್ಯರೆನಿಸಿದವರನ್ನು ಹೆಚ್ಚು ಕೂಲಿಯ ನೇಯ್ಗೆ ವಿಭಾಗದಿಂದಲೇ ಹೊರಗಿಟ್ಟದ್ದು. 1928ರ ಮುಷ್ಕರದ ಕಾಲದಲ್ಲಿ ಡಾ. ಅಂಬೇಡ್ಕರರು ಈ ಬಹಿಷ್ಕಾರದ ಪ್ರಶ್ನೆ ಎತ್ತಿದರು. ಮಡಿಯೂ ಉಳಿಯಿತು, ಕ್ಷಯವೂ ಉಳಿಯಿತು.

ಧೂಳಿಗೆ ಜನ ಕಂಡುಕೊಂಡ ಮದ್ದೂ ಒಂದಿದೆ: ಬೆಲ್ಲ. ಧೂಳಿನ ಕೆಲಸ ಮಾಡುವವರು ದಿನಕ್ಕೊಂದು ಉಂಡೆ ಬೆಲ್ಲ ತಿಂದರೆ ಎದೆ ಸ್ವಚ್ಛವಾಗುತ್ತದೆಂಬ ನಂಬಿಕೆ ದೇಶದ ಅನೇಕ ಕಡೆ ಇದೆ. ಬೆಲ್ಲ, ಅಂಟು, ಕೊಬ್ಬರಿ ಸೇರಿದ ಕರದಂಟಿಗೆ ಹೆಸರಾದ ಗೋಕಾಕದವರಿಗೆ ಇದನ್ನು ಒಪ್ಪಿಸುವುದು ಸುಲಭ. ಲಖನೌದ ವಿಜ್ಞಾನಿಗಳು ಈ ನಂಬಿಕೆಯನ್ನು ಪರೀಕ್ಷೆಗೂ ಒಡ್ಡಿದರು. ಕಲ್ಲಿದ್ದಲು ಮತ್ತು ಸಿಲಿಕಾ ಧೂಳು ಹೊಕ್ಕ ಇಲಿಗಳಿಗೆ ಬೆಲ್ಲ ಕೊಟ್ಟಾಗ ಪುಪ್ಪುಸದಿಂದ ಧೂಳಿನ ಕಣಗಳು ಹೊರಸಾಗುವುದು ಹೆಚ್ಚಿತೆಂದು 1994ರಲ್ಲಿ ಪ್ರಕಟಿಸಿದರು. ಇಲಿಗೆ ಕಂಡದ್ದು ಮನುಷ್ಯನಿಗೂ ಆಗುತ್ತದೆಂದು ಹೇಳಲು ಅದೊಂದೇ ಸಾಲದು. ಅಲ್ಲದೆ ಅಲ್ಲಿ ಹತ್ತಿಯ ಧೂಳಿನ ಮಾತೇ ಇರಲಿಲ್ಲ. ಕಾರ್ಮಿಕನಿಗೆ ಬೆಲ್ಲ ಹಂಚುವುದು ಹೀರುಯಂತ್ರ ಕೂಡಿಸುವುದಕ್ಕಿಂತ ಅಗ್ಗ ಎಂಬುದನ್ನೂ ಮರೆಯಬಾರದು.

ಗೈರುಹಾಜರಿಯ ಲೆಕ್ಕಕ್ಕೆ ಮತ್ತೆ ಬರೋಣ. ನೂರು ಜನ ದುಡಿಯುವ ಒಂದು ಕಾರ್ಖಾನೆ ವರ್ಷಕ್ಕೆ 300 ದಿನ ನಡೆಯುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು 30,000 ಆಳಿನ ದಿನ. ಪ್ರತಿಯೊಬ್ಬ ಸರಾಸರಿ 9 ದಿನ ಕಾಯಿಲೆಯಿಂದ ತಪ್ಪಿಸಿದರೆ 900 ದಿನ ಹೋಯಿತು, ಅಂದರೆ ನೂರಕ್ಕೆ 3. ಇದನ್ನು ಇಳಿಸಲು ಎರಡು ದಾರಿ. ತಪ್ಪಿಸಿದವನ ಕೂಲಿ ಮುರಿದು, ಪೂರ್ತಿ ಹಾಜರಿಗೆ ಬೋನಸ್ ಇಡುವುದು ಒಂದು. ಗಾಳಿ, ನೀರು, ನೆಲ ಸರಿಪಡಿಸುವುದು ಇನ್ನೊಂದು. ಮೊದಲನೆಯದರ ಫಲ ಬೇಗ ಕಾಣುತ್ತದೆ, ಅಂಕಿ ಮರು ತಿಂಗಳೇ ಇಳಿಯುತ್ತದೆ. ಆದರೆ ಕೆಮ್ಮುತ್ತ ಬಂದವನು ಯಂತ್ರದ ಮುಂದೆ ನಿಂತು ಇನ್ನೂ ನಾಲ್ವರಿಗೆ ಸೋಂಕು ಹಂಚುತ್ತಾನೆ. ಉಸಿರು ಸಾಕಾಗದವನು ಕೆಲಸವನ್ನೇ ಬಿಟ್ಟು ಊರು ಸೇರುತ್ತಾನೆ. ಅವನ ಹೆಸರು ಪುಸ್ತಕದಿಂದ ಹೊಡೆದುಹೋದೊಡನೆ ಅವನ ಗೈರುಹಾಜರಿಯೂ ಲೆಕ್ಕದಿಂದ ಹೊರಗೆ. ಹಾಜರಿ ಚೆನ್ನಾಗಿರುವ ಗಿರಣಿ ಎಂದರೆ ಆರೋಗ್ಯವಾಗಿರುವ ಗಿರಣಿ ಎಂದು ನಂಬುವವರು ಬಿಟ್ಟುಹೋದವರ ಪಟ್ಟಿಯನ್ನೂ ಒಮ್ಮೆ ನೋಡಬೇಕು.

ಕಾಯಿಲೆಯ ದಿನಗಳಿಗೆ ಕೂಲಿಯ ಒಂದು ಪಾಲಾದರೂ ಸಿಗಬೇಕೆಂಬ ವಿಚಾರ ನಮ್ಮಲ್ಲಿ ತಡವಾಗಿ ಬಂತು. 1944ರ ಅಡಾರಕರ್ ವರದಿ, 1948ರ ಇ.ಎಸ್.ಐ. ಕಾಯಿದೆ, 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಯೋಜನೆಯ ಉದ್ಘಾಟನೆ. ಕಾಲಕ್ರಮದಲ್ಲಿ ವಿಮೆಯುಳ್ಳವರಿಗೆ ವರ್ಷಕ್ಕೆ 91 ದಿನಗಳವರೆಗೆ ಕಾಯಿಲೆ ಭತ್ಯೆ ದೊರೆಯುವಂತಾಯಿತು. ಹತ್ತಿ ಧೂಳಿನ ಎದೆರೋಗ ಕಸುಬಿನ ಕಾಯಿಲೆಗಳ ಪಟ್ಟಿಗೂ ಸೇರಿತು.

ಅದೇ ಪಟ್ಟಿಯಲ್ಲಿ ಹತ್ತಿಯ ಜತೆಗೆ ಕಬ್ಬಿನ ಹೆಸರೂ ಇದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು ಈಗ ಹೆಚ್ಚಾಗಿ ಕಬ್ಬಿನ ಸೀಮೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ನಾಡಿಗೆಲ್ಲ ಗೊತ್ತು. ಹಿಂಡಿದ ಕಬ್ಬಿನ ಸಿಪ್ಪೆ ಹಸಿಯಿದ್ದಾಗ ನಿರುಪದ್ರವಿ. ರಾಶಿ ಹಾಕಿ ತಿಂಗಳುಗಟ್ಟಲೆ ಬಿಟ್ಟು, ಬೂಸ್ಟು ಹಿಡಿದು ಒಣಗಿದ ಮೇಲೆ ಅದನ್ನು ಕೆದಕಿದರೆ ಏಳುವ ಧೂಳು ಪುಪ್ಪುಸವನ್ನು ಕೆರಳಿಸುತ್ತದೆ. ಬಗಾಸೋಸಿಸ್ ಎಂಬ ಈ ರೋಗಕ್ಕೆ ತಡೆ ಸರಳ: ಸಿಪ್ಪೆಯನ್ನು ಒದ್ದೆಯಾಗಿಡುವುದು, ಹಳೆಯ ರಾಶಿಯನ್ನು ಬರಿಮೂಗಿನಲ್ಲಿ ಎಳೆಯದಿರುವುದು.

ಫ್ಯಾಕ್ಟರಿ ಕಾಯಿದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಕಾರ್ಮಿಕರಿಗೆ ಪುಕ್ಕಟೆ ವಾರ್ಷಿಕ ಆರೋಗ್ಯ ತಪಾಸಣೆ ಅದರ ಒಳ್ಳೆಯ ಅಂಶ. ಸಂಹಿತೆಯ ಸಾಮಾನ್ಯ ಕಟ್ಟಳೆಗಳು 10 ಜನ ದುಡಿಯುವಲ್ಲಿಗೂ ಅನ್ವಯಿಸುತ್ತವೆ. ಆದರೆ ವಿದ್ಯುತ್ತಿನಿಂದ ನಡೆಯುವ ಜಾಗಕ್ಕೆ ಕಾರ್ಖಾನೆ ಎಂಬ ಹೆಸರು ಬೀಳಲು ಹಿಂದೆ 10 ಕೆಲಸಗಾರರಿದ್ದರೆ ಸಾಕಿತ್ತು, ಈಗ 20 ಬೇಕು. ಹತ್ತಿಯ ಸುಗ್ಗಿಯಲ್ಲಿ ಕೆಲವೇ ತಿಂಗಳು ನಡೆಯುವ ಸಣ್ಣ ಜಿನ್ನುಗಳಲ್ಲಿ ಎಷ್ಟೋ ಈ ಗೆರೆಯ ಕೆಳಗೆ ಉಳಿಯುತ್ತವೆ. ಹೊಲದಿಂದ ನೇರವಾಗಿ ಬಂದ, ಎಲೆಚೂರು ತುಂಬಿದ ಹತ್ತಿ ಮೊದಲು ಬೀಳುವುದು ಅಲ್ಲಿಯೇ. ಹಾಜರಿಗೆ ಒಂದು ನೋಟ್‌ಬುಕ್ಕು, ಬಾರದ ದಿನಕ್ಕೆ ಪಗಾರವಿಲ್ಲ. ಹತ್ತಿಯನ್ನು ಯಂತ್ರಕ್ಕೆ ಉಣಿಸುವ ಹೆಂಗಸರು ಮೂಗಿಗೆ ಸೆರಗು ಸುತ್ತಿಕೊಳ್ಳುತ್ತಾರೆ. ಬಿಳಿಯ ತುಪ್ಪುಳನ್ನು ಸೆರಗು ತಡೆಯುತ್ತದೆ, ನುಣುಪು ಧೂಳನ್ನು ಬಿಟ್ಟುಕೊಡುತ್ತದೆ.